ದೂರದ ಊರಿನ ಮೆಟ್ಟು

ಶೋಬಾಲನ ಕಷ್ಟವೆಲ್ಲ ಶುರುವಾದದ್ದು ಪಕ್ಕದ ಮನೆಯ ಇತ್ರಾನನ ಕಾಲಿನಿಂದ.

ಗಿಬ್ಯೋನಿನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಹೆಂಗಸರು ಕೊಡ ಹೊತ್ತು ದೊಡ್ಡ ಕೊಳದ ಕಡೆ ಹೊರಟಿದ್ದರು. ಮಾಳಿಗೆಯ ಮೇಲೆ ಮಲಗಿದ್ದ ಶೋಬಾಲನಿಗೆ ಓಣಿಯಲ್ಲಿ ಕಿರ್ರ್, ಕಿರ್ರ್ ಎಂಬ ಸದ್ದು ಕೇಳಿಸಿತು. ಹಲ್ಲಿನ ನಡುವೆ ಮರಳು ಸಿಕ್ಕವನ ಹಾಗೆ ಮುಖ ಕಿವುಚಿಕೊಂಡು ಎದ್ದು ಬಗ್ಗಿ ನೋಡಿದ. ಇತ್ರಾನ ಕೆಂಪು ತೊಗಲಿನ ಹೊಸ ಮೆಟ್ಟು ಮೆಟ್ಟಿಕೊಂಡು, ಏನೂ ಕೆಲಸವಿಲ್ಲದಿದ್ದರೂ, ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಶೋಬಾಲನ ಬಾಗಿಲ ಮುಂದೆ ಬಂದಾಗಲೆಲ್ಲ ಒಂದು ಗಳಿಗೆ ನಿಂತು, ಇಲ್ಲದ ಧೂಳನ್ನು ಕೊಡವುತ್ತಿದ್ದ.

ಇಬ್ಬರೂ ದ್ರಾಕ್ಷಿ ಬೆಳೆಯುವವರು. ಇಬ್ಬರ ತೋಟಕ್ಕೂ ಒಂದೇ ಬೇಲಿ, ಒಂದೇ ಬಿಸಿಲು. ಆದರೆ ಇತ್ರಾನನ ಗೊಂಚಲು ಒಂದು ಹಿಡಿ ಹೆಚ್ಚೇ ತೂಗುತ್ತಿತ್ತು. ಅಥವಾ ಶೋಬಾಲನ ಕಣ್ಣಿಗೆ ಹಾಗೆ ಕಾಣುತ್ತಿತ್ತು. ಇತ್ರಾನನ ಕತ್ತೆ ಅವಳಿ ಮರಿ ಹಾಕಿದಾಗ ಶೋಬಾಲ ತನ್ನ ಕತ್ತೆಯ ಜೊತೆ ಬಹಳ ದಿನ ಮಾತು ಬಿಟ್ಟಿದ್ದ. ಇತ್ರಾನನಿಗೆ ಹಲ್ಲುನೋವು ಬಂದು ಊರವರೆಲ್ಲ ವಿಚಾರಿಸಿಕೊಳ್ಳಲು ಹೋದಾಗ, ತನ್ನ ಹಲ್ಲು ಗಟ್ಟಿಯಾಗಿರುವುದಕ್ಕೂ ಶೋಬಾಲ ಕೊರಗಿದ್ದುಂಟು.

ಈಗಿನ ಕೊರಗು ಅಂಥ ಚಿಲ್ಲರೆಯದಲ್ಲ. ಊರಬಾಗಿಲ ಪಕ್ಕದ ಕಲ್ಲುಜಗಲಿಯ ಮೇಲೆ ಹಿರಿಯರ ಜೊತೆ ಕೂರುತ್ತಿದ್ದ ಶೋಬಾಲನ ತಂದೆ ಹೋದ ಸುಗ್ಗಿಯಲ್ಲಿ ತೀರಿಕೊಂಡಿದ್ದರು. ಅವರು ಕೂರುತ್ತಿದ್ದ ಜಾಗ ಇನ್ನೂ ಬರಿದಾಗಿಯೇ ಇತ್ತು. ಅಪ್ಪ ಕೂತ ಜಾಗ ಮಗನಿಗೇ ಬರಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಹಿರಿಯರು ಒಪ್ಪಿದವನಿಗೆ ಅದು. ಆ ದಿನ ಬೆಳಿಗ್ಗೆ ಹಿರಿಯರು ಊರನ್ನೆಲ್ಲ ಬಾಗಿಲ ಬಳಿಗೆ ಕರೆದಿದ್ದರು. ಕರೆದದ್ದು ಆ ಜಾಗವನ್ನು ತುಂಬುವುದಕ್ಕೇ ಎಂದು ಇತ್ರಾನ ಹೊಸ ಮೆಟ್ಟು ಹೊಲಿಸಿಕೊಂಡಿದ್ದ. ಅವನ ಮೆಟ್ಟು ನೋಡಿ ಶೋಬಾಲನೂ ಹಾಗೆಂದೇ ನಂಬಿದ.

ಅವನು ಕೆಳಗಿಳಿದು ಬಂದು ತನ್ನ ಕಾಲು ನೋಡಿಕೊಂಡ. ಮೆಟ್ಟಿದ್ದದ್ದು ಅಪ್ಪನ ಹಳೆಯ ಮೆಟ್ಟು. ಅಟ್ಟೆ ಸವೆದು ಎಲೆಯಾಗಿತ್ತು. ತೇಪೆಯ ಮೇಲೆ ತೇಪೆ, ಅದರ ಮೇಲೆ ಕರಿಯ ಆಡುಗೂದಲಿನ ಅಡ್ಡಹೊಲಿಗೆ. ಅವನು ಅದನ್ನು ಕಾಲಿನಿಂದ ಕಿತ್ತು ಹಿತ್ತಲ ಬೂದಿತಿಪ್ಪೆಗೆ ಎಸೆದ.

ಹೆಂಡತಿ ತಿಮ್ನಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಅದು ಮಾವನ ಕೈಹೊಲಿಗೆ ಕಣ್ರೀ."

"ಹೊಲಿದೋರು ಯಾರು ಅಂತ ಊರಿಗೇನು ಗೊತ್ತು? ಊರಿಗೆ ಕಾಣೋದು ತೇಪೆ."

"ಮಾವ ಅದನ್ನೇ ಮೆಟ್ಟಿ ಜಗಲಿ ಮೇಲೆ ಕೂತಿದ್ರಲ್ಲ, ಯಾರೂ ಏಳಿ ಅನ್ನಲಿಲ್ಲ."

ಶೋಬಾಲ ನೆಲಮಾಳಿಗೆಗೆ ಇಳಿದು, ತಂಪಿನಲ್ಲಿಟ್ಟಿದ್ದ ಒಳ್ಳೆಯ ದ್ರಾಕ್ಷಾರಸದ ಒಂದು ಗಡಿಗೆಯನ್ನು ಹೆಗಲಿಗೇರಿಸಿಕೊಂಡು, ಬರಿಗಾಲಲ್ಲೇ ಮೆಟ್ಟು ಹೊಲಿಯುವವನ ಮನೆಗೆ ಓಡಿದ. ಪಕ್ಕದೂರು ಬೇರೋತಿನ ಯಾರೋ ಹೇಳಿಹೋದ ಒಂದು ಜೊತೆ ಅಲ್ಲಿ ಸಿದ್ಧವಾಗಿತ್ತು. ಇತ್ರಾನನದಕ್ಕೆ ಒಂದು ಬಾರು, ಇದಕ್ಕೆ ಜೋಡುಬಾರು. ಅಷ್ಟು ಸಾಕಾಯಿತು. ಬೆರಳಿಗೆ ಬಿಗಿ, ಹಿಮ್ಮಡಿಗೆ ಇರುಕು ಎಂದು ಹೊಲಿಯುವವನು ಹೇಳುವಷ್ಟರಲ್ಲಿ ಶೋಬಾಲ ಗಡಿಗೆ ಇಳಿಸಿ, ಕಾಲು ತೂರಿಸಿ, ಓಣಿಗೆ ಇಳಿದಿದ್ದ. ಅವನ ಮೆಟ್ಟು ಇತ್ರಾನನದಕ್ಕಿಂತ ಜೋರಾಗಿ ಕಿರ್ರೆಂದಿತು. ಕಾಲು ನೋಯುತ್ತಿತ್ತು, ಎದೆ ಮಾತ್ರ ಹಗುರವಾಗಿತ್ತು.

ಬಾಗಿಲ ಬಳಿ ಊರೇ ನೆರೆದಿತ್ತು. ಜಗಲಿಯ ನಡುವೆ ಹಿರಿಯ ಹೆಮ್ದಾನಜ್ಜ ಕೂತಿದ್ದ. ಅವನು ಜಾಗದ ಮಾತನ್ನೇ ಎತ್ತಲಿಲ್ಲ. ಯೊರ್ದನ್ ಹೊಳೆ ದಾಟಿ ಬಂದ ಜನರ ಮಾತು ಎತ್ತಿದ. ಅವರ ಕೈಯಲ್ಲಿ ಯೆರಿಕೋ ಪಟ್ಟಣ ಬಿದ್ದದ್ದು, ಆಯಿ ಪಟ್ಟಣ ಸುಟ್ಟುಹೋದದ್ದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಸರದಿ ಯಾರದೆಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಜನರ ಮುಂದೆ ಅವರ ದೇವರೇ ನಡೆಯುತ್ತಾನೆ, ಅವರೊಡನೆ ಕತ್ತಿ ಹಿಡಿದು ಗೆಲ್ಲುವ ಮಾತಿಲ್ಲ ಎಂದ ಹೆಮ್ದಾನಜ್ಜ.

"ಹತ್ತಿರದ ಊರಿನವರ ಜೊತೆ ಒಪ್ಪಂದ ಬೇಡ ಅಂತ ಆ ದೇವರ ಅಪ್ಪಣೆಯಂತೆ. ದೂರದವರ ಜೊತೆ ಆಗಬಹುದಂತೆ. ಅದಕ್ಕೇ ಇವತ್ತಿನಿಂದ ನಾವು ದೂರದವರು."

"ಊರನ್ನ ಹೊತ್ಕೊಂಡು ಹೋಗೋದಾ ಅಜ್ಜ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಊರು ಇಲ್ಲೇ ಇರ್ತದೆ. ಬಟ್ಟೆ ದೂರದಿಂದ ಬರ್ತದೆ."

ಆಮೇಲೆ ಬಿಡಿಸಿ ಹೇಳಿದ. ಕೆಲವರು ಹರಕು ಬಟ್ಟೆ, ದ್ರಾಕ್ಷಾರಸ ತುಂಬುವ ತೇಪೆ ಹಾಕಿದ ತೊಗಲಿನ ಬುದ್ದಲಿ, ಸವೆದ ಮೆಟ್ಟು, ಒಣಗಿ ಬೂಷ್ಟು ಹಿಡಿದ ರೊಟ್ಟಿಯೊಂದಿಗೆ ಇವತ್ತೇ ಸಂಜೆ ಆ ಜನ ಬೀಡುಬಿಟ್ಟಿರುವ ಗಿಲ್ಗಾಲಿಗೆ ಹೊರಡಬೇಕು. ತಿಂಗಳುಗಟ್ಟಲೆ ನಡೆದು ಬಂದೆವೆಂದು ಹೇಳಿ, ಅವರ ದೇವರ ಮೇಲೆ ಆಣೆ ಹಾಕಿಸಿಕೊಂಡು ಬರಬೇಕು. ಆಣೆ ಒಂದು ಸಲ ಬಾಯಿಂದ ಹೊರಟರೆ ಆ ಜನ ತಪ್ಪುವುದಿಲ್ಲ; ಊರಿನ ಹೆಂಗಸರು ಮಕ್ಕಳು ಉಳಿಯುತ್ತಾರೆ. ಅಲ್ಲಿ ನಿಂತು ಮಾತನಾಡುವವನಿಗೆ, ಬಂದ ಮೇಲೆ, ಜಗಲಿಯ ಆ ಬರಿದಾದ ಜಾಗ.

ಜಾಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶೋಬಾಲ ಮುಂದೆ ನುಗ್ಗಿ ನಿಂತ. ಜೋಡುಬಾರಿನ ಮೆಟ್ಟು ಕಿರ್ರೆಂದಿತು. ಹೆಮ್ದಾನಜ್ಜ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಮದುವೆ ಯಾರದಯ್ಯಾ ಶೋಬಾಲ?"

ಊರೇ ನಕ್ಕಿತು. ಹುಟ್ಟಿದಂದಿನಿಂದ ಒಂದೇ ಒಂದು ದಿನ ಅವನು ಎಲ್ಲರಿಗಿಂತ ಚೆನ್ನಾಗಿ ಅಲಂಕರಿಸಿಕೊಂಡು ಬಂದಿದ್ದ. ಆ ಒಂದು ದಿನವೇ ಹೀಗಾಯಿತು. ಒಂದೇ ಒಂದು ಸಮಾಧಾನವಿತ್ತು, ಇತ್ರಾನನ ಕಾಲೂ ಹೊಸದೇ. ಶೋಬಾಲ ತಿರುಗಿ ನೋಡಿದ. ಇತ್ರಾನ ಅಲ್ಲಿರಲಿಲ್ಲ.

ಆ ಹೊತ್ತು ಗಿಬ್ಯೋನನ್ನು ನೋಡಬೇಕಿತ್ತು. ನಿನ್ನೆಯವರೆಗೆ ತೇಪೆಯನ್ನು ಮಡಿಕೆಯೊಳಗೆ ಮುಚ್ಚಿಕೊಂಡು ನಡೆಯುತ್ತಿದ್ದವರು ಇವತ್ತು ಅದನ್ನೇ ಹೊರಗೆ ಮಾಡಿ ಹೊದ್ದುಕೊಂಡು ಬಂದರು. ಒಬ್ಬ ಹೊಸ ಕಂಬಳಿಯನ್ನು ಕತ್ತೆಯ ಕಾಲಡಿ ಹಾಸಿ ಕತ್ತೆಯನ್ನು ಕುಣಿಸುತ್ತಿದ್ದ. ಅಣ್ಣತಮ್ಮಂದಿರಿಬ್ಬರು ಅಜ್ಜನ ಕಾಲದ ಒಂದು ಗೋಣಿಗಾಗಿ ಎಳೆದಾಡಿ, ಅದು ಎರಡಾಗಿ ಹರಿದಾಗ, ಈಗ ಇನ್ನೂ ಚೆನ್ನಾಯಿತೆಂದು ಸಮಾಧಾನ ಮಾಡಿಕೊಂಡರು. ಇತ್ರಾನ ತನ್ನ ಕೆಂಪು ಮೆಟ್ಟನ್ನು ಬಂಡೆಗೆ ಉಜ್ಜಿ ಉಜ್ಜಿ ಬಾರು ಕಿತ್ತುಹಾಕಿದ್ದ. ಅದು ಇತ್ತ ಮೆಟ್ಟಲೂ ಬಾರದು, ಅತ್ತ ಹಳೆಯದಾಗಿಯೂ ಕಾಣದು. ಕೊನೆಗೆ ಅವನು ಏನು ಮಾಡಿದನೆಂಬುದು ಅವನು ಬಾಗಿಲಿಗೆ ವಾಪಸು ಬಂದಾಗ ತಿಳಿಯಿತು.

ಅವನ ಕಾಲಲ್ಲಿ ಕರಿಯ ಆಡುಗೂದಲಿನ ಅಡ್ಡಹೊಲಿಗೆಯ ಮೆಟ್ಟಿತ್ತು.

ಹಿರಿಯರು ಜಗಲಿಯಿಂದ ಇಳಿದು ಬಂದು ಬಗ್ಗಿ ನೋಡಿದರು. ಇಂಥ ಮೆಟ್ಟು ಊರಿನಲ್ಲಿದ್ದದ್ದು ತಮಗೆ ಗೊತ್ತೇ ಇರಲಿಲ್ಲ, ಇದನ್ನು ಮೆಟ್ಟಿದವನು ಭೂಮಿಯ ಅಂಚಿನಿಂದ ಬಂದೆನೆಂದರೂ ನಂಬಬೇಕು ಎಂದು ಹೊಗಳಿದರು. ಇತ್ರಾನ ತಲೆ ತಗ್ಗಿಸಿ, ಎಲ್ಲ ದೊಡ್ಡವರ ಆಶೀರ್ವಾದ ಎಂದ.

"ಅದು ನಂದು," ಎಂದ ಶೋಬಾಲ. "ನಮ್ಮಪ್ಪಂದು."

"ಎಲ್ಲಿತ್ತಪ್ಪಾ?" ಎಂದು ಹೆಮ್ದಾನಜ್ಜ ಇತ್ರಾನನನ್ನು ಕೇಳಿದ.

"ಶೋಬಾಲಣ್ಣನ ತಿಪ್ಪೆ ಮೇಲಿತ್ತು ಅಜ್ಜ."

ಅಲ್ಲಿಗೆ ಮಾತು ಮುಗಿಯಿತು. ತಿಪ್ಪೆಗೆ ಬಿದ್ದದ್ದು ಎತ್ತಿಕೊಂಡವನ ಸೊತ್ತು. ಇದು ನಮ್ಮ ಊರಿನ ಹಳೆಯ ಕಟ್ಟಳೆ. ಮಾಡಿದವರು ಬಡವರನ್ನು ನೆನೆದು ಮಾಡಿದ್ದರು, ಇತ್ರಾನನನ್ನಲ್ಲ. ಮಾತನಾಡುವವನು ಇತ್ರಾನನೇ ಎಂದು ತೀರ್ಮಾನವಾಯಿತು. ಶೋಬಾಲ ಅಪ್ಪನ ಮೆಟ್ಟಿನ ಮೇಲೆ ನಿಂತ ಇತ್ರಾನನನ್ನು ನೋಡಿದ, ಜಗಲಿಯ ಬರಿದಾದ ಕಲ್ಲನ್ನು ನೋಡಿದ. ಎರಡೂ ಒಂದೇ ದಿನ ಒಬ್ಬನದೇ ಆಗುವುದನ್ನು ನೋಡಲು ತಾನು ಏಕೆ ಹುಟ್ಟಿದೆನೋ ಎನಿಸಿತು.

ಬಟ್ಟೆ ಸಿಕ್ಕಿತು, ಗೋಣಿ ಸಿಕ್ಕಿತು, ತೇಪೆಯ ಬುದ್ದಲಿ ಬೇಕಾದಷ್ಟು ಸಿಕ್ಕವು. ಸಿಗದೆ ಹೋದದ್ದು ಬೂಷ್ಟು ಹಿಡಿದ ರೊಟ್ಟಿ. ಯಾರ ಮನೆಯಲ್ಲಿದೆ ಎಂದು ಹೆಮ್ದಾನಜ್ಜ ಕೇಳಿದಾಗ ಗಂಡಸರು ಹೆಂಡಂದಿರ ಮುಖ ನೋಡಿದರು, ಹೆಂಡಂದಿರು ಆಕಾಶ ನೋಡಿದರು. ತನ್ನ ಮನೆಯಲ್ಲಿ ರೊಟ್ಟಿಗೆ ಬೂಷ್ಟು ಬಂದಿದೆಯೆಂದು ಒಪ್ಪಿಕೊಳ್ಳುವ ಹೆಂಗಸು ಗಿಬ್ಯೋನಿನಲ್ಲಿ ಹುಟ್ಟಿಲ್ಲ. ಊರು ಬೇಕಾದರೆ ಸುಡಲಿ, ಅಡಿಗೆಮನೆಯ ಹೆಸರು ಕೆಡಬಾರದು.

ಆಗ ಶೋಬಾಲನ ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು. "ನಮ್ಮನೇಲಿದೆ. ನಮ್ಮ ತಿಮ್ನಾ ಮಾಡಿದ ರೊಟ್ಟಿಗೆ ಬರುವಷ್ಟು ಬೂಷ್ಟು ಈ ಊರಲ್ಲಿ ಯಾರ ರೊಟ್ಟಿಗೂ ಬರಲ್ಲ."

ಹೇಳಿದ ಮೇಲೆ ಹಿಂದೆ ನೋಡಿದ. ತಿಮ್ನಾ ಹೆಂಗಸರ ಗುಂಪಿನ ಮುಂದೆಯೇ ನಿಂತಿದ್ದಳು. ಅವಳ ಪಕ್ಕದಲ್ಲಿದ್ದ ಇತ್ರಾನನ ಹೆಂಡತಿ ಆದಾ, ಸೆರಗಿನ ಮರೆಯಲ್ಲಿ ನಗುತ್ತ, "ಪಾಪ, ಒಬ್ಬಳೇ ಎಷ್ಟು ಅಂತ ನೋಡ್ಕೋತಾಳೆ" ಎಂದು ಎಲ್ಲರಿಗೂ ಕೇಳುವಂತೆ ಮರುಗಿದಳು.

ತಿಮ್ನಾ ನೆಟ್ಟಗೆ ಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಬುಟ್ಟಿ ತುಂಬ ಹಬೆಯಾಡುವ ರೊಟ್ಟಿ ಹೊತ್ತು ತಂದು ಹಿರಿಯರ ಮುಂದೆ ಇಟ್ಟಳು. ಒಂದೊಂದು ರೊಟ್ಟಿಯ ಮೇಲೂ ಅವಳ ಹೆಬ್ಬೆರಳಿನ ಗುರುತು ಹೂವಿನಂತೆ ಮೂಡಿತ್ತು. "ತಿಂದು ನೋಡಿ ಅಜ್ಜ. ಬೂಷ್ಟು ಎಲ್ಲಿದೆ ತೋರಿಸಿ."

ಹಿರಿಯರು ಬೆಳಗಿನಿಂದ ಹಸಿದಿದ್ದರು. ತಿಂದರು, ತಲೆದೂಗಿದರು. ಅದನ್ನು ನೋಡಿ ಆದಾ ಸುಮ್ಮನಿರುವವಳಲ್ಲ. ಅವಳೂ ಓಡಿಹೋಗಿ ಎಳ್ಳು ಹಾಕಿದ ರೊಟ್ಟಿ ತಂದಳು. ಆದಾಳನ್ನು ನೋಡಿ ಮೂರನೆಯ ಓಣಿಯವರು ತಂದರು. ಮಧ್ಯಾಹ್ನದ ಹೊತ್ತಿಗೆ ಊರಬಾಗಿಲ ಮುಂದೆ ಬಿಸಿರೊಟ್ಟಿಯ ಗುಡ್ಡವೇ ಎದ್ದಿತು. ಅದರ ಘಮಕ್ಕೆ ಹೊಲದಲ್ಲಿದ್ದವರೂ ಬಂದು ಕೂತರು. ಹರಕು ಬಟ್ಟೆ ಉಟ್ಟು ಸಿದ್ಧರಾಗಿದ್ದ ರಾಯಭಾರಿಗಳು ತಿಂದು ತಿಂದು ತೇಗಿದರು. ಅವರ ಕೆನ್ನೆಯ ಮೇಲೆ ಎಣ್ಣೆ ಹೊಳೆಯಿತು. ದೂರದ ದಾರಿಯಲ್ಲಿ ಸೊರಗಿ ಬಂದವರ ಕಳೆ ಒಬ್ಬನ ಮುಖದಲ್ಲೂ ಉಳಿಯಲಿಲ್ಲ.

ಹೆಮ್ದಾನಜ್ಜ ತಲೆಯ ಮೇಲೆ ಕೈ ಹೊತ್ತು ಕೂತ. "ತಾಯಂದಿರಾ, ನಿಮ್ಮ ಕೈಗೆ ಶರಣು. ಈ ಊರು ಉಳಿಯೋಕೆ ಒಂದು ಕೆಟ್ಟ ರೊಟ್ಟಿ ಸಾಕು. ಅದನ್ನ ಕೊಡೋರು ಯಾರೂ ಇಲ್ವಾ?"

ಊರಿನಲ್ಲಿ ಊಟ ಮಾಡದೆ ಉಳಿದವನು ಶೋಬಾಲ ಒಬ್ಬನೇ. ಹೆಂಡತಿಯ ಕಣ್ಣಿಗೆ ಬೀಳಲಾರದೆ ಅವನು ಊರ ಹೊರಗಿನ ತೋಟದ ಕಡೆ ಕಾಲು ಎಳೆದುಕೊಂಡು ಹೋಗಿದ್ದ. ಕಾವಲುಗುಡಿಸಲಿನ ನೆರಳಿನಲ್ಲಿ ಕೂತು ಹೊಸ ಮೆಟ್ಟು ಬಿಚ್ಚಿ, ಬೊಬ್ಬೆ ಎದ್ದ ಹಿಮ್ಮಡಿಯನ್ನು ಊದಿಕೊಳ್ಳುತ್ತ ತಲೆ ಎತ್ತಿದಾಗ, ಗೂಟಕ್ಕೆ ತೂಗಿದ್ದ ಒಂದು ಚೀಲ ಕಣ್ಣಿಗೆ ಬಿತ್ತು.

ಅದು ಅಪ್ಪನ ಬುತ್ತಿಚೀಲ. ಹೋದ ಸುಗ್ಗಿಯಲ್ಲಿ ಅಪ್ಪ ಅದನ್ನು ಅಲ್ಲಿ ತೂಗುಹಾಕಿ, ಬಳ್ಳಿಗಳ ನಡುವೆ ಹೋದವರು ಮತ್ತೆ ಎದ್ದು ಬರಲಿಲ್ಲ. ಆಮೇಲೆ ಅದನ್ನು ಇಳಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಶೋಬಾಲ ದಿನವೂ ಅದರ ಕೆಳಗೆ ಕೂರುತ್ತಿದ್ದ, ದಿನವೂ ಬೇರೆ ಕಡೆ ನೋಡುತ್ತಿದ್ದ.

ಅವನು ಎದ್ದು ನಿಂತ. ಕೈ ಮುಂದೆ ಹೋಯಿತು, ಹಿಂದೆ ಬಂತು. ಗುಡ್ಡದ ಮೇಲಿನ ದೇವರನ್ನು ನೆನೆದು ಕ್ಷಮೆ ಕೇಳಿದ. ಆಮೇಲೆ, "ಅಪ್ಪಾ, ನಿನ್ನ ಜಾಗಕ್ಕೆ ಇತ್ರಾನ ಬಂದು ಕೂರ್ತಾನಲ್ಲೋ" ಎಂದು ಚೀಲಕ್ಕೆ ಹೇಳಿ, ಅದನ್ನು ಇಳಿಸಿದ. ಬಾಯಿ ಬಿಚ್ಚಿದರೆ ರೊಟ್ಟಿ ಕಲ್ಲಾಗಿತ್ತು. ಮೇಲೆ ಹಸಿರು ಬೂಷ್ಟು, ಅದರ ಮೇಲೆ ಬಿಳಿಯ ಬೂಷ್ಟು, ಅಂಚಿನಲ್ಲಿ ಕರಿಯದು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಆದರೂ ನಡುವೆ, ಗಮನವಿಟ್ಟು ನೋಡಿದವರಿಗೆ, ಹೆಬ್ಬೆರಳ ಗುರುತಿನ ಹೂವು ಕಾಣುತ್ತಿತ್ತು.

ಬಾಗಿಲ ಬಳಿ ಚೀಲದ ಬಾಯಿ ತೆರೆದಾಗ ಹೆಮ್ದಾನಜ್ಜ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಶೋಬಾಲನನ್ನು ತಬ್ಬಿಕೊಂಡ. ತಿಮ್ನಾ ಜಗಳಕ್ಕೆಂದು ಬಾಯಿ ತೆರೆದುಕೊಂಡು ಹತ್ತಿರ ಬಂದವಳು ಚೀಲವನ್ನು ನೋಡಿದಳು. ಬಾಯಿ ಮುಚ್ಚಿತು. ಮಾವ ತೀರಿಕೊಂಡ ದಿನ ಬೆಳಿಗ್ಗೆ ಅವರಿಗೆ ಬುತ್ತಿ ಕಟ್ಟಿಕೊಟ್ಟವಳು ಅವಳೇ. ಅವಳು ಚೀಲವನ್ನು ತೆಗೆದುಕೊಂಡು, ಪುಡಿ ಉದುರದ ಹಾಗೆ ಬಾಯಿ ಬಿಗಿದು, ಗಂಟು ಹಾಕಿ ಗಂಡನ ಕೈಗೆ ವಾಪಸು ಕೊಟ್ಟಳು.

ಈಗ ಶೋಬಾಲ ತನ್ನ ಷರತ್ತು ಹೇಳಿದ. ರೊಟ್ಟಿ ಬರಬೇಕಾದರೆ ಮಾತನಾಡುವವನು ತಾನೇ, ಕಾಲಿಗೆ ಆ ಮೆಟ್ಟೇ. ಹಿರಿಯರು ಇತ್ರಾನನ ಕಡೆ ನೋಡಿದರು. ಇತ್ರಾನ ಜಗಳವಾಡುವನೆಂದು ಎಲ್ಲರೂ ಕಾದರು. ಅವನು ಗಡ್ಡ ಕೆರೆದುಕೊಂಡ.

"ಆಗಲಿ ಶೋಬಾಲಣ್ಣ. ಊರಿನ ಕೆಲಸ, ಯಾರು ಮಾಡಿದರೇನು. ಆದರೆ ನಾನು ಬರಿಗಾಲಲ್ಲಿ ಮನೆಗೆ ಹೋಗಲಾ? ನನ್ನ ಕೆಂಪು ಮೆಟ್ಟು ಈ ಗಲಾಟೇಲಿ ಹಾಳಾಯ್ತು. ನಿಂದು ಕೊಟ್ಟುಬಿಡು."

ಶೋಬಾಲ ಹಿಂದೆಮುಂದೆ ನೋಡದೆ ಜೋಡುಬಾರಿನ ಮೆಟ್ಟು ಬಿಚ್ಚಿ ಕೊಟ್ಟ. ಅಪ್ಪನ ಮೆಟ್ಟಿಗೆ ಕಾಲಿಟ್ಟಾಗ ಬೊಬ್ಬೆಗೆ ಬೆಣ್ಣೆ ಸವರಿದ ಹಾಗಾಯಿತು. ಸಂಜೆಯ ಹೊತ್ತಿಗೆ ಬೂದಿತಿಪ್ಪೆಯಲ್ಲಿ ಹೊರಳಿ ಎದ್ದು, ಗುರುತು ಸಿಗದ ಮುಖ ಮಾಡಿಕೊಂಡು, ಉಳಿದ ರಾಯಭಾರಿಗಳನ್ನು ಹಿಂದಿಟ್ಟುಕೊಂಡು ಗಿಲ್ಗಾಲಿನ ದಾರಿ ಹಿಡಿದ. ತಿರುಗಿ ತಿರುಗಿ ನೋಡಿದ್ದು ಊರನ್ನಲ್ಲ. ಇತ್ರಾನ ನೋಡುತ್ತಿದ್ದಾನೋ ಇಲ್ಲವೋ ಎಂದು.

ಅಲ್ಲಿ ನಡೆದದ್ದನ್ನು ಜೊತೆಗೆ ಹೋದವರು ಇವತ್ತಿಗೂ ಹೇಳುತ್ತಾರೆ. ಆ ಜನರ ಮುಖಂಡರು ಸುಲಭಕ್ಕೆ ನಂಬುವವರಲ್ಲ. ನೀವು ನಮ್ಮ ನಡುವೆಯೇ ಇರುವವರೋ ಏನೋ ಎಂದು ಒಬ್ಬ ಕೇಳಿಯೂಬಿಟ್ಟ. ಶೋಬಾಲ ಬುದ್ದಲಿ ತೋರಿಸಿದ, ಮೆಟ್ಟು ತೋರಿಸಿದ. ಅವರು ಮೆಟ್ಟನ್ನು ಕೈಯಲ್ಲಿ ಹಿಡಿದು, ಆಡುಗೂದಲಿನ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಕೊನೆಗೆ ಅವನು ಚೀಲದ ಗಂಟು ಬಿಚ್ಚಿ ರೊಟ್ಟಿ ಹೊರಗೆ ತೆಗೆದ. ಹೆಮ್ದಾನಜ್ಜ ಕಲಿಸಿಕೊಟ್ಟ ಉದ್ದನೆಯ ಮಾತು ಬಾಯಿಗೆ ಬರಲಿಲ್ಲ.

"ಈ ರೊಟ್ಟಿ ಮನೆಯಿಂದ ಹೊರಟಾಗ ಬಿಸಿ ಇತ್ತು," ಎಂದ. ಬೂದಿ ಬಳಿದ ಮುಖದ ಮೇಲೆ ಕಣ್ಣೀರು ಎರಡು ಗೆರೆ ಕೊರೆಯಿತು.

ಅವನು ಹೇಳಿದ್ದರಲ್ಲಿ ನಿಜವಾದ ಮಾತು ಅದೊಂದೇ. ಅವರು ನಂಬಿದ್ದೂ ಅದನ್ನೇ. ತಮ್ಮ ದೇವರ ಹೆಸರಿನ ಮೇಲೆ ಆಣೆ ಹಾಕಿ, ಪ್ರಾಣಕ್ಕೆ ಅಭಯ ಕೊಟ್ಟು ಕಳಿಸಿದರು.

ಶೋಬಾಲ ಊರಿಗೆ ಬಂದು ಅಪ್ಪನ ಕಲ್ಲಿನ ಮೇಲೆ ಕೂತ. ಕಾಲ ಮೇಲೆ ಕಾಲು ಹಾಕಿ, ಹರಕು ಮೆಟ್ಟನ್ನು ಬಾಗಿಲ ಕಡೆ ಚಾಚಿಕೊಂಡು ಕೂತ. ಮುಖ ತೊಳೆದ, ಬಟ್ಟೆ ಬದಲಾಯಿಸಿದ, ಮೆಟ್ಟು ಮಾತ್ರ ಬದಲಾಯಿಸಲಿಲ್ಲ. ಊರನ್ನು ಉಳಿಸಿದ ಮೆಟ್ಟು. ಇತ್ರಾನ ಹೋಗುವಾಗ ಬರುವಾಗ ಅದನ್ನು ನೋಡಲೇಬೇಕು. ಇತ್ರಾನ ಜೋಡುಬಾರಿನ ಮೆಟ್ಟು ಕಿರ್ರೆನಿಸುತ್ತ, ಒಂದಿಷ್ಟು ಕುಂಟುತ್ತ, ದಿನವೂ ಮುಂದೆ ಹಾದುಹೋಗುತ್ತಿದ್ದ. ಆ ಸದ್ದು ಕೂಡ ಈಗ ಶೋಬಾಲನ ಕಿವಿಗೆ ಇಂಪಾಗಿತ್ತು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆ ಜನರೇ ಬಾಗಿಲಿಗೆ ಬಂದರು. ಹೊರಟಲ್ಲಿಂದ ಗಿಬ್ಯೋನಿಗೆ ತಲುಪಲು ಎಷ್ಟು ಕಡಿಮೆ ಹೊತ್ತು ಹಿಡಿಯಿತೆಂದು ಅವರಿಗೆ ಗೊತ್ತಾಗಿತ್ತು, ಮೋಸವೂ ಗೊತ್ತಾಗಿತ್ತು. ಆದರೆ ಆಣೆ ಆಣೆಯೇ. ಅವರು ಯಾರ ಮೇಲೂ ಕೈ ಮಾಡಲಿಲ್ಲ. ಅದಕ್ಕಾಗಿ ನಾವು ಇವತ್ತಿಗೂ ಅವರ ದೇವರಿಗೆ ಕೈಮುಗಿಯುತ್ತೇವೆ. ಪ್ರಾಣ ಉಳಿಯಿತು, ಅದರ ಬದಲು ಗಿಬ್ಯೋನಿನವರು ಅವರ ಬಲಿಪೀಠಕ್ಕೆ ಸೌದೆ ಒಡೆಯಬೇಕು, ನೀರು ಹೊರಬೇಕು ಎಂದಾಯಿತು. ದೇವರ ಮುಂದಿನ ನೀರು ಹೊರುವುದು ಕೆಟ್ಟ ಕೆಲಸವಲ್ಲವೆಂದು ಹೆಮ್ದಾನಜ್ಜ ಎಲ್ಲರಿಗಿಂತ ಮೊದಲು ಸಮಾಧಾನ ಹೇಳಿದ. ವಯಸ್ಸಾದವರಿಗೆ ಆ ಕೆಲಸವಿಲ್ಲವೆಂದು ಅವನು ಆಗಲೇ ವಿಚಾರಿಸಿಕೊಂಡಿದ್ದ.

ಕೆಲಸ ಹಂಚಲು ನಿಂತ ಅವರ ಮುಖಂಡ ಮೊದಲು ಕೇಳಿದ್ದು, ದೂರದಿಂದ ಬಂದೆವೆಂದು ಅಂದು ಮಾತನಾಡಿದವನು ಯಾರೆಂದು. ಊರಿನವರು ನೆಲ ನೋಡಿದರು. ಬೂದಿಯ ಮುಖ ಯಾರಿಗೂ ನೆನಪಿರಲಿಲ್ಲ. ಸುಮ್ಮನೆ ಕೂತಿದ್ದರೆ ಶೋಬಾಲ ಉಳಿಯುತ್ತಿದ್ದ. ಆದರೆ ಅವನು ಎಂದಿನಂತೆ ಜಗಲಿಯ ಮೇಲೆ ಕಾಲು ಚಾಚಿಕೊಂಡಿದ್ದ.

"ಮುಖ ನೆನಪಿಲ್ಲ," ಎಂದ ಆ ಮುಖಂಡ, ಕರಿಯ ಆಡುಗೂದಲಿನ ಹೊಲಿಗೆಯ ಕಡೆ ಬೆರಳು ತೋರಿಸಿ. "ಈ ಮೆಟ್ಟು ನೆನಪಿದೆ. ಅಷ್ಟು ದೂರ ನಡೆದೋನಿಗೆ ಕೊಳದಿಂದ ಬಲಿಪೀಠಕ್ಕೆ ಏನು ದೂರ? ನೀರು ಹೊರೋರಲ್ಲಿ ನೀನೇ ಮೊದಲು ನಿಲ್ಲು."

ಆಮೇಲೆ ಸುತ್ತಲೂ ನೋಡಿ, ಕೊಳದ ಬಳಿ ನಿಂತು ಉಸ್ತುವಾರಿ ನೋಡಿಕೊಳ್ಳಲು ಒಬ್ಬ ಮರ್ಯಾದಸ್ಥ ಬೇಕೆಂದ. ಮೋಸ ಮಾಡಲು ಹೋಗದೆ ಮನೆಯಲ್ಲಿದ್ದವನು, ಕಾಲಿಗೆ ನೆಟ್ಟಗೆ ಮೆಟ್ಟು ಮೆಟ್ಟಿದವನು ಎಂದು ಅವನ ಕಣ್ಣಿಗೆ ಬಿದ್ದವನು ಇತ್ರಾನ. ನಿಮ್ಮ ಹೆಸರುಗಳು ನನ್ನ ನಾಲಗೆಗೆ ಹೊರಳುವುದಿಲ್ಲ, ಹರಕು ಮೆಟ್ಟಿನವನು ಹೊರಲಿ, ಜೋಡುಬಾರಿನವನು ನೋಡಿಕೊಳ್ಳಲಿ, ದಿನವೂ ಬಂದು ಕಾಲು ನೋಡಿ ಹೋಗುತ್ತೇನೆ ಎಂದು ಹೇಳಿ ಹೊರಟುಹೋದ.

ಹೀಗೆ ಶೋಬಾಲ ಕೊಡ ಹೊತ್ತು ಕೊಳದ ಮೆಟ್ಟಿಲು ಹತ್ತುವವನಾದ, ಇತ್ರಾನ ಮೇಲಿನ ಮೆಟ್ಟಿಲ ಮೇಲೆ ಕೋಲು ಹಿಡಿದು ನಿಲ್ಲುವವನಾದ. ಮೊದಲ ದಿನ ಶೋಬಾಲನಿಗೆ ಕೊಡ ಭಾರವೆನಿಸಲಿಲ್ಲ, ಇತ್ರಾನನ ನೆರಳು ಭಾರವೆನಿಸಿತು. ಎರಡನೆಯ ದಿನ ಮಧ್ಯಾಹ್ನ ಇತ್ರಾನ ಅವನನ್ನು ತಡೆದು ನಿಲ್ಲಿಸಿದ. ಮುಖ ಹುಳಿಹುಳಿಯಾಗಿತ್ತು.

"ಶೋಬಾಲಣ್ಣ, ನಿಂತೂ ನಿಂತೂ ನನ್ನ ಹಿಮ್ಮಡಿ ಸುಲಿದುಹೋಗಿದೆ. ಈ ಮೆಟ್ಟು ಮೆಟ್ಟಲ್ಲ, ಇಕ್ಕಳ. ಅವತ್ತು ಒಂದು ಗಳಿಗೆ ನಿಮ್ಮಪ್ಪಂದು ಮೆಟ್ಟಿದ್ನಲ್ಲ, ಅದರ ಸುಖ ಇನ್ನೂ ಮರೆತಿಲ್ಲ. ಬದಲಾಯಿಸ್ಕೊಳ್ಳೋಣ ಕಣಣ್ಣ. ಕೈಮುಗೀತೀನಿ."

ಶೋಬಾಲ ಕೊಡ ಇಳಿಸಿ ಅವನ ಮುಖವನ್ನೇ ನೋಡಿದ. ಜೀವಮಾನದಲ್ಲಿ ಮೊದಲ ಸಲ ಇತ್ರಾನ ಅವನ ಸೊತ್ತಿಗೆ ಆಸೆಪಟ್ಟಿದ್ದ. ಅವನ ಕಣ್ಣಿನಲ್ಲಿ ಅಸೂಯೆ ಇತ್ತು. ಆ ವಸ್ತುವಿನ ಬಣ್ಣ ಶೋಬಾಲನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಕೊಡಲ್ಲ," ಎಂದ. ಕೊಡ ಎತ್ತಿಕೊಂಡು, ಮೆಟ್ಟಿನ ಹೊಲಿಗೆ ಚೆನ್ನಾಗಿ ಕಾಣುವ ಹಾಗೆ, ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತಿದ. ಆ ದಿನ ಹೊತ್ತ ನೀರು ನೀರಾಗಿರಲಿಲ್ಲ, ಜೇನಾಗಿತ್ತು.

ಸಂಜೆ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ತಿಮ್ನಾಳಿಗೆ ವರ್ಣಿಸಿದ. ಅವಳು ಬೂಷ್ಟಿನ ಮಾತಿಗಾಗಿ ಅವನೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿರಲಿಲ್ಲ. ರೊಟ್ಟಿ ಬಡಿಸುತ್ತ ಒಂದೇ ಪ್ರಶ್ನೆ ಕೇಳಿದಳು. "ಆ ಯಜಮಾನ ದಿನಾ ಬಂದು ನೋಡೋದು ಮುಖಾನೋ, ಕಾಲೋ?"

"ಕಾಲು."

"ಹಾಗಾದ್ರೆ ಮೆಟ್ಟು ಬದಲಾಯಿಸ್ಕೊಂಡಿದ್ರೆ ನಾಳೆಯಿಂದ ನೀರು ಹೊರೋನು ಯಾರಾಗ್ತಿದ್ದ?"

ಶೋಬಾಲನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಬೆಳಕು ಹರಿಯುತ್ತಿದ್ದಂತೆಯೇ ಅವನು ಹರಕು ಮೆಟ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕಲ್ಲುಮುಳ್ಳು ನೋಡದೆ ಕೊಳಕ್ಕೆ ಓಡಿದ. ಅಪ್ಪನನ್ನು ಮತ್ತೊಮ್ಮೆ ಕ್ಷಮೆ ಕೇಳುವುದನ್ನು ದಾರಿಯಲ್ಲೇ ಮುಗಿಸಿದ್ದ. ಇತ್ರಾನ ಆಗಲೇ ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದ. ಶೋಬಾಲ ಏದುಸಿರು ಬಿಡುತ್ತ ಮೆಟ್ಟನ್ನು ಅವನ ಮುಂದೆ ಹಿಡಿದು, ನೆರೆಮನೆಯವನ ಕಾಲುನೋವು ನೋಡಲಾರದೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ತಗೋ ಎಂದ.

ಇತ್ರಾನ ಒಂದು ಕಾಲು ಎತ್ತಿ ಆಡಿಸಿ ತೋರಿಸಿದ. "ಬೇಡ ಬಿಡಣ್ಣ. ಆದಾ ರಾತ್ರಿ ಇದನ್ನ ಎಣ್ಣೇಲಿ ನೆನೆಸಿ, ಒಳಗೆ ಕುರಿ ಉಣ್ಣೆ ಇಟ್ಟು ಕೊಟ್ಟಳು. ಕಾಲಿಗೆ ಒಗ್ಗಿತು. ನಿಮ್ಮಪ್ಪನ ಮೆಟ್ಟು ನಿಂಗೇ ಚೆಂದ."

ಅಷ್ಟರಲ್ಲಿ ಆ ಜನರ ಮುಖಂಡ ಬಂದ. ಎಲ್ಲರ ಕಾಲು ನೋಡುತ್ತ ಬಂದವನು ಶೋಬಾಲನ ಕೈಯಲ್ಲಿದ್ದ ಮೆಟ್ಟನ್ನು ನೋಡಿ, ಮೆಟ್ಟಿಕೋ ಎಂದು ಸನ್ನೆ ಮಾಡಿದ. ಶೋಬಾಲ ಮೆಟ್ಟಿಕೊಂಡ. ಇತ್ರಾನ ಕಿರ್ರ್, ಕಿರ್ರ್ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಶೋಬಾಲ ಕೊಡ ತುಂಬಿ ಹೆಗಲಿಗೇರಿಸಿಕೊಂಡು ಸಾಲಿನಲ್ಲಿ ನಿಂತ. ನಾಲ್ಕು ಮೆಟ್ಟಿಲು ಹತ್ತಿರಲಿಲ್ಲ, ಮುಂದೆ ಹೋಗುತ್ತಿದ್ದವನ ಕೊಡ ತನ್ನ ಕೊಡಕ್ಕಿಂತ ಒಂದಿಷ್ಟು ಸಣ್ಣದಿರಬೇಕೆಂದು ಅವನಿಗೆ ಅನುಮಾನ ಬಂತು.